ಒಂದೇ ಕ್ರಿಯಾಪದದ ಪಂಡಿತ

ಗುಂಡಿ ಕಾರ್ಖಾನೆಯ ಫಿಟ್ಟರನಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಒಂದು ಹಲ್ಲುನೋವಿನಿಂದ. ನೋವು ಅವನದಲ್ಲ, ಯಾರೋ ದಾರಿಹೋಕನದು. ಆದರೆ ಅನುಭವಿಸಿದವನು ಮಾತ್ರ ಇವನೇ.

ಆ ಕಥೆಗೆ ಹೋಗುವ ಮುಂಚೆ ಫಿಟ್ಟರನ ಸಿದ್ಧಾಂತವೊಂದನ್ನು ಹೇಳಿಬಿಡಬೇಕು. ಅಂಗಿ ಗುಂಡಿ, ಕೋಟಿನ ಗುಂಡಿ ತಯಾರಿಸುವ ಆ ಕಾರ್ಖಾನೆಯಲ್ಲಿ ಬೇರೆಯವರೆಲ್ಲ ಹನ್ನೆರಡು ಸ್ಪ್ಯಾನರುಗಳ ಪೆಟ್ಟಿಗೆ ಹೊತ್ತು ತಿರುಗಿದರೆ, ಇವನ ಜೇಬಿನಲ್ಲಿ ಇರುತ್ತಿದ್ದದ್ದು ಒಂದೇ ಒಂದು. ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದಂಥದ್ದು. "ಒಂದನ್ನ ನೆಟ್ಟಗೆ ಕಲಿತವನಿಗೆ ಹನ್ನೆರಡು ಯಾಕಯ್ಯಾ?" ಎಂದು ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಉಪದೇಶ ಮಾಡಿದ್ದ. ಯಾರೂ ಕೇಳಿರಲಿಲ್ಲ. ಉಪದೇಶದ ಹಣೆಬರಹವೇ ಅಷ್ಟು.

ಹೀಗಿರುವಾಗ ಒಂಬತ್ತನೇ ತರಗತಿಯ ಮಗಳು ಪರೀಕ್ಷೆಗೆಂದು ಒಂದು ಹಾಳೆ ಬರೆದು, ಬಚ್ಚಲುಮನೆಯ ಕನ್ನಡಿಯ ಪಕ್ಕ ಅಂಟಿಸಿದಳು. ಇಂಗ್ಲಿಷಿನ 'ಗೆಟ್' ಎಂಬ ಕ್ರಿಯಾಪದ, ಅದರ ಮೂವತ್ತನಾಲ್ಕು ಉಪಯೋಗ, ಪ್ರತಿಯೊಂದಕ್ಕೂ ಎದುರಿಗೆ ಅರ್ಥ. ಫಿಟ್ಟರ್ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನು ಓದಿದ. ಮರುದಿನವೂ ಓದಿದ. ಮೂರನೇ ದಿನ ಬಾಯ್ತುಂಬ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ನುಗ್ಗಿದ.

"ಏನಮ್ಮಾ ಇದು? ಮೇಲೆದ್ದರೂ ಗೆಟ್ಟು, ಕೆಳಗಿಳಿದರೂ ಗೆಟ್ಟು. ಒಳಗೆ ಬಂದರೂ ಗೆಟ್ಟು, ಹೊರಗೆ ಹೋದರೂ ಗೆಟ್ಟು. ಮದುವೆ ಆದ್ರೂ ಅದೇ, ಹಾಳಾಗಿ ಹೋದ್ರೂ ಅದೇನಾ?"

"ಹೂಂ ಅಪ್ಪ, ಅದು ಹಾಗೇ."

"ಮತ್ತೆ ಬೇರೆ ಕ್ರಿಯಾಪದಗಳನ್ನೆಲ್ಲ ಯಾಕೆ ಇಟ್ಕೊಂಡಿದಾರೆ ಇವರು? ದಂಡಕ್ಕೆ!"

ವಾರದೊಳಗೆ ಮೂವತ್ತನಾಲ್ಕೂ ಬಾಯಿಪಾಠವಾಯಿತು. ಮಗಳಿಗೆ ಹನ್ನೊಂದೇ ಬಂದಿದ್ದವು.

ಇನ್ನು ಹಲ್ಲುನೋವು. ಫಿಟ್ಟರ್ ವಾಸವಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದರು. ಒಂದು ಸಂಜೆ ಕೆನ್ನೆ ಊದಿಸಿಕೊಂಡ ಪರದೇಶಿಯೊಬ್ಬ ಮೆಟ್ಟಿಲ ಬುಡದಲ್ಲಿ ನಿಂತು, ದವಡೆ ತೋರಿಸಿ, ಇಂಗ್ಲಿಷಿನಲ್ಲಿ ನರಳಿದ. ಫಿಟ್ಟರ್ ಗಂಟಲು ಸರಿಮಾಡಿಕೊಂಡ.

"ಗೆಟ್ ಅಪ್. ಗೆಟ್ ಲೆಫ್ಟ್. ಗೆಟ್ ಇನ್. ಟೂತ್ ಗೆಟ್ ಔಟ್. ಗೆಟ್ ವೆಲ್!"

ಪರದೇಶಿ ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿ ಸರಸರ ಮೇಲೆ ಹತ್ತಿದ. ನೆಲಮಹಡಿಯ ನಿವೃತ್ತ ಪೋಸ್ಟ್ ಮಾಸ್ಟರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದವರು ಕನ್ನಡಕವನ್ನು ಹಣೆಗೇರಿಸಿದರು.

"ಏನ್ರೀ ಇದು! ಐದು ವಾಕ್ಯ! ನಡುವೆ ಉಸಿರು ಕೂಡ ತಗೊಳ್ಳಲಿಲ್ಲವಲ್ರೀ!"

ಆಗ ಫಿಟ್ಟರ್ "ಅಯ್ಯೋ, ನನಗೆ ಬರೋದೇ ಅಷ್ಟು" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಅನ್ನಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, "ಏನೋ ಸ್ವಲ್ಪ ಓದಿಕೊಂಡಿದೀನಿ" ಎಂದ. ಬಚ್ಚಲುಮನೆಯಲ್ಲಿ ಎಂದು ಹೇಳಲಿಲ್ಲ.

ಸುದ್ದಿ ಕೇಳಿ ಹೆಚ್ಚು ಹಿಗ್ಗಿದವಳು ಅವನ ಹೆಂಡತಿ. ಕಾರಣವಿತ್ತು. ಆಕೆಯ ತಮ್ಮ ಅದೇ ಕಾರ್ಖಾನೆಯ ಮೇಲಿನ ಆಫೀಸಿನಲ್ಲಿ ಗುಮಾಸ್ತ. ಹೊರದೇಶಕ್ಕೆ ಹೋಗುವ ಇ-ಮೇಲುಗಳನ್ನೆಲ್ಲ ಬರೆಯುವವನು ಅವನೇ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದರೆ ನೀರು ಕೇಳುವುದೂ ಇಂಗ್ಲಿಷಿನಲ್ಲೇ. ತವರಿನಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ, "ಮಗ ಮೇಲೆ ಫ್ಯಾನಿನ ಕೆಳಗೆ, ಅಳಿಯ ಕೆಳಗೆ ಎಣ್ಣೆಯ ಮಧ್ಯೆ" ಎಂಬ ಮಾತು ಬಂದೇ ಬರುತ್ತಿತ್ತು. ಹದಿನೈದು ವರ್ಷ ಅದನ್ನು ಕೇಳಿ ಕೇಳಿ ಆಕೆಯ ಕಿವಿ ತೂತಾಗಿತ್ತು. ಈಗ ಒಣಹಾಕುವ ಬಟ್ಟೆಯ ಜೊತೆಗೆ ಗಂಡನ ಇಂಗ್ಲಿಷನ್ನೂ ಮಹಡಿಯ ತಂತಿಗೆ ಹರವಿದಳು. ಸಂಜೆಯೊಳಗೆ ಮೂರು ಕಟ್ಟಡಕ್ಕೆ ಗೊತ್ತಾಯಿತು.

ಬಾಮೈದ ಬಂದು ನಕ್ಕ. "ಅಕ್ಕಾ, ಭಾವನಿಗೆ ಇಂಗ್ಲಿಷಾ? ಯಾರಾದ್ರೂ ಕೇಳಿದ್ರೆ ನಗ್ತಾರೆ."

"ನೀನು ಯಾಕೋ ಉರ್ಕೋತೀಯ? ಊಟ ಮಾಡು."

ಜನ ಬರತೊಡಗಿದರು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಆ ಕಟ್ಟಡಕ್ಕೆ ಇವನೇ ಪಂಡಿತನಾದ. ಎದುರುಮನೆಯ ದರ್ಜಿ ಹೆಂಗಸು, ಹೊಲಿಯದೆ ಹಟ ಹಿಡಿದಿದ್ದ ತನ್ನ ಹೊಸ ಹೊಲಿಗೆ ಯಂತ್ರದ ಪುಸ್ತಕ ತಂದಳು. ಫಿಟ್ಟರ್ ಪುಟ ತಿರುವಿದ. ಹನ್ನೆರಡು ಪುಟದಲ್ಲಿ ಒಂದು ಕಡೆಯೂ 'ಗೆಟ್' ಕಾಣಲಿಲ್ಲ. ಪುಸ್ತಕವನ್ನು ಮುಚ್ಚಿ, ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ.

"ಕಳಪೆ ಇಂಗ್ಲಿಷ್ ಅಮ್ಮಾ. ಬರೆದವನಿಗೆ ಕ್ರಿಯಾಪದದ ಮೇಲೆ ಹಿಡಿತವೇ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಆಕೆಗೂ ಗೊತ್ತಿತ್ತು. ಆದರೆ ಪಂಡಿತರ ಎದುರು ಯಾರಿಗೆ ಗಾದೆ ನೆನಪಾಗುತ್ತದೆ? ಮೇಲಾಗಿ ಇವನು ಪುಸ್ತಕದ ಗೊಡವೆ ಬಿಟ್ಟು, ಆಕೆಯ ಮನೆಗೇ ಹೋಗಿ ಯಂತ್ರವನ್ನು ಬಿಚ್ಚಿ, ಹತ್ತು ನಿಮಿಷದಲ್ಲಿ ಹೊಲಿಯುವಂತೆ ಮಾಡಿಕೊಟ್ಟ. "ಪುಸ್ತಕ ಓದಿಯೇ ರಿಪೇರಿ ಮಾಡಿದರು" ಎಂದು ಆಕೆ ಹೇಳಿಕೊಂಡು ತಿರುಗಿದಳು. ಯಾವುದಾದರೂ ಕಾಗದದಲ್ಲಿ 'ಗೆಟ್' ಕಂಡು ಪೋಸ್ಟ್ ಮಾಸ್ಟರು "ಇದರ ಅರ್ಥ?" ಎಂದರೆ, ಫಿಟ್ಟರ್ ಕಣ್ಣು ಮುಚ್ಚಿ, "ಸಂದರ್ಭದ ಮೇಲೆ ಹೋಗುತ್ತೆ" ಎನ್ನುತ್ತಿದ್ದ. ಪೋಸ್ಟ್ ಮಾಸ್ಟರಿಗೆ ಈ ಉತ್ತರ ಎಷ್ಟು ಹಿಡಿಸಿತೆಂದರೆ, ಮನೆಯಲ್ಲಿ ಹೆಂಡತಿ ಏನು ಕೇಳಿದರೂ ಅವರೂ ಅದನ್ನೇ ಹೇಳತೊಡಗಿದರು.

ಇಷ್ಟರಲ್ಲಿ ಕಾರ್ಖಾನೆಯಲ್ಲಿ ಬೇರೊಂದು ಸಂಕಟ ಬೆಳೆಯುತ್ತಿತ್ತು. ಅಲ್ಲಿ ಗುಂಡಿ ಕತ್ತರಿಸಿ ನಾಲ್ಕು ತೂತು ಕೊರೆಯುವ ಒಂದು ಹಳೆಯ ಯಂತ್ರವಿತ್ತು. ಎಲ್ಲರೂ ಅದನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಬೆಳಿಗ್ಗೆ ಮೂರು ಕಡೆ ಎಣ್ಣೆ ಬಿಡಬೇಕು, ಅದೂ ದಿನಾ ಒಂದೇ ಕ್ರಮದಲ್ಲಿ. ಎಡಗಡೆಯ ಮುಚ್ಚಳವನ್ನು ಅಂಗೈಯಿಂದ ಎರಡು ಸಲ ತಟ್ಟಬೇಕು, ಮೂರು ಸಲ ತಟ್ಟಿದರೆ ಮುನಿಸು. ಫಿಟ್ಟರ್ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ತನ್ನ ಕಿವಿಗೂ ಒತ್ತಿಕೊಂಡು ಒಳಗಿನ ಬೇರಿಂಗ್ ಏನು ಹೇಳುತ್ತಿದೆ ಎಂದು ಕೇಳುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೆ ನಡೆದಿತ್ತು. ಈಗ ಯಜಮಾನರು ಅದನ್ನು ಗುಜರಿಗೆ ಹಾಕಿ, ಹೊರದೇಶದಿಂದ ಹೊಸ ಯಂತ್ರ ತರಿಸುವ ಆಲೋಚನೆಯಲ್ಲಿದ್ದರು. ಹೊಸದಕ್ಕೆ ಫಿಟ್ಟರ್ ಬೇಡ, ಅದರ ಕಂಪನಿಯವರೇ ಬಂದು ನೋಡಿಕೊಳ್ಳುತ್ತಾರೆ. ದೊಡ್ಡಮ್ಮ ಹೋದರೆ ತಾನೂ ಹೋದ ಹಾಗೆ ಎಂದು ಫಿಟ್ಟರನಿಗೆ ಗೊತ್ತಿತ್ತು. ಆದರೆ ಕೆಲಸ ಹೋಗುವುದಕ್ಕಿಂತ ಅವಳನ್ನು ಚೂರು ಚೂರು ಮಾಡುತ್ತಾರಲ್ಲ ಎಂಬುದೇ ಅವನಿಗೆ ದೊಡ್ಡ ಚಿಂತೆಯಾಗಿತ್ತು.

ಹೊಸ ಯಂತ್ರದ ಕಂಪನಿಯಿಂದ ಇಂಜಿನಿಯರಮ್ಮ ಒಬ್ಬರು ಬರುವವರಿದ್ದರು. ಹಿಂದಿನ ದಿನ ಯಜಮಾನರು ಫಿಟ್ಟರನನ್ನು ಕರೆಸಿದರು. ಇವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಅರ್ಥಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ.

"ನಿಮಗೆ ಇಂಗ್ಲಿಷ್ ಬರುತ್ತಂತೆ. ಪೋಸ್ಟ್ ಮಾಸ್ಟರ್ ಹೇಳಿದ್ರು. ನಾಳೆ ಆಯಮ್ಮನ ಜೊತೆ ನೀವೂ ಇರಿ."

ಫಿಟ್ಟರ್ ಇಲ್ಲ ಎನ್ನಲು ಬಾಯಿ ತೆರೆದ. ಆದರೆ ದೊಡ್ಡಮ್ಮನ ಪರವಾಗಿ ಮಾತಾಡಲು ಇನ್ನೊಬ್ಬರಿಲ್ಲ. ಹೂಂ ಎಂದ.

ಇಂಜಿನಿಯರಮ್ಮ ದಪ್ಪ ಬೂಟು ಹಾಕಿಕೊಂಡು ಬಂದರು. ಬಾಮೈದ ಮುಂದೆ ನುಗ್ಗಿ ಸ್ವಾಗತ ಭಾಷಣ ಬಿಗಿದ. ಒಂದೊಂದು ವಾಕ್ಯವೂ ಗೂಡ್ಸ್ ರೈಲಿನಷ್ಟು ಉದ್ದ. ಆಯಮ್ಮನ ಮನೆಮಾತೂ ಇಂಗ್ಲಿಷಲ್ಲ, ಆಕೆಯೂ ಶಾಲೆಯಲ್ಲಿ ಕಷ್ಟಪಟ್ಟು ಕಲಿತವರೇ. ಮೊದಲ ವಾಕ್ಯದ ನಡುವೆಯೇ ಆಕೆ ದಾರಿ ತಪ್ಪಿ, ಗೋಡೆ ಗಡಿಯಾರ ನೋಡತೊಡಗಿದರು. ಆಮೇಲೆ ದೊಡ್ಡಮ್ಮನತ್ತ ಬೆರಳು ಮಾಡಿ ಫಿಟ್ಟರನ ಮುಖ ನೋಡಿದರು.

ಫಿಟ್ಟರ್ ಒಂದು ಕೈಯನ್ನು ಯಂತ್ರದ ಮೇಲಿಟ್ಟ.

"ಮೆಷಿನ್ ಗೆಟ್ ಓಲ್ಡ್. ಐ ಗೆಟ್ ಓಲ್ಡ್. ಮಾರ್ನಿಂಗ್ ಮೆಷಿನ್ ಗೆಟ್ ಆಂಗ್ರಿ. ಐ ಗೆಟ್ ಆಯಿಲ್. ಮೆಷಿನ್ ಗೆಟ್ ವೆಲ್. ಡೇಲಿ ಗೆಟ್ ಬಟನ್, ಟೆನ್ ಥೌಸಂಡ್. ನ್ಯೂ ಮೆಷಿನ್ ಗೆಟ್ ಇನ್, ವಿ ಟೂ ಗೆಟ್ ಔಟ್."

ಬಾಮೈದ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ. ಆದರೆ ಇಂಜಿನಿಯರಮ್ಮ ಕೈ ಚಾಚಿ ಅವನ ಸ್ಕ್ರೂಡ್ರೈವರ್ ಇಸಿದುಕೊಂಡು, ಯಂತ್ರಕ್ಕೆ ಒತ್ತಿ ಕಿವಿಗೊಟ್ಟರು. ಮುಕ್ಕಾಲು ಗಂಟೆ ಇಬ್ಬರೂ ಯಂತ್ರದ ಸುತ್ತ ಮಂಡಿಯೂರಿ ಹರಿದಾಡಿದರು. ಕೊನೆಗೆ ಆಕೆ ಮಂಡಿ ಕೊಡವಿಕೊಂಡು ಎದ್ದು ಯಜಮಾನರಿಗೆ ಏನೋ ಹೇಳಿದರು.

"ಏನಂತೆ?" ಎಂದರು ಯಜಮಾನರು.

ಬಾಮೈದ ಕಷಾಯ ಕುಡಿದವನ ಮುಖ ಮಾಡಿಕೊಂಡು ಅನುವಾದಿಸಿದ. "ಈ ಯಂತ್ರ ಇನ್ನೂ ಹತ್ತು ವರ್ಷ ಓಡುತ್ತಂತೆ. ಹೊಸದು ಬೇಡವಂತೆ. ಆಮೇಲೆ... ನಮ್ಮ ಕಾರ್ಖಾನೆಯಿಂದ ಇದುವರೆಗೆ ಹೋದ ಇ-ಮೇಲುಗಳಲ್ಲಿ ಒಂದೂ ಅವರಿಗೆ ಅರ್ಥ ಆಗಿಲ್ಲವಂತೆ. ಭಾವ ಹೇಳಿದ್ದು ಪೂರ್ತಿ ಅರ್ಥ ಆಯ್ತಂತೆ."

ದೊಡ್ಡಮ್ಮ ಉಳಿದಳು. ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಯಜಮಾನರಿಗೆ ಸಂತೋಷ ಹೆಚ್ಚಾಯಿತು, ಮತ್ತು ಯಜಮಾನರ ಸಂತೋಷದಷ್ಟು ಅಪಾಯಕಾರಿಯಾದದ್ದು ಕಾರ್ಖಾನೆಯಲ್ಲಿ ಇನ್ನೊಂದಿಲ್ಲ.

"ಇಂಥಾ ಪ್ರತಿಭೆಯನ್ನ ಎಣ್ಣೇಲಿ ಅದ್ದಿಟ್ಟಿದೀವಲ್ರೀ!" ಎಂದು ಮೇಜು ಗುದ್ದಿದರು. "ನಾಳೆಯಿಂದ ನೀವು ಮೇಲೆ. ವಿದೇಶ ವ್ಯವಹಾರ ಅಧಿಕಾರಿ. ಇನ್ನು ಎಣ್ಣೆ ಮುಟ್ಟಕೂಡದು. ನಿಮ್ಮ ಬಾಮೈದ ಕೆಳಗೆ, ಯಂತ್ರದ ಹತ್ತಿರ. ಸ್ವಲ್ಪ ಕೆಲಸ ಕಲೀಲಿ."

ಮರುದಿನ ಫಿಟ್ಟರ್ ಇಸ್ತ್ರಿ ಅಂಗಿ ತೊಟ್ಟು ತಿರುಗುವ ಕುರ್ಚಿಯಲ್ಲಿ ಕೂತ. ತಲೆಯ ಮೇಲೆ ಫ್ಯಾನು. ತವರಿನಿಂದ ಹೆಂಡತಿಗೆ ಮೂರು ಸಲ ಫೋನು ಬಂತು. ಪೋಸ್ಟ್ ಮಾಸ್ಟರು "ನಾನೇ ಮೊದಲು ಗುರುತಿಸಿದ್ದು" ಎಂದು ಬೀದಿಗೆಲ್ಲ ಹೇಳಿದರು. ಫಿಟ್ಟರ್ ಮಾತ್ರ ಬೂಟು ಕಳಚಿ, ಬರಿಗಾಲನ್ನು ನೆಲಕ್ಕೊತ್ತಿ ಕೂತಿದ್ದ. ಕೆಳಗೆ ದೊಡ್ಡಮ್ಮನ ಸದ್ದು ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು. ಸದ್ದು ಸರಿಯಿರಲಿಲ್ಲ. ಯಾರೋ ಮುಚ್ಚಳವನ್ನು ಮೂರು ಸಲ ತಟ್ಟಿದ್ದರು.

ಮೊದಲ ದಿನ ಗುಂಡಿಗೆ ಮೂರು ತೂತು ಬಂದವು. ಎರಡನೇ ದಿನ ಐದು. ಮೂರನೇ ದಿನ ತೂತೇ ಇಲ್ಲದ ಗುಂಡಿ ಎರಡು ಸಾವಿರ. ಬಾಮೈದನ ಬಿಳಿ ಅಂಗಿ ಕಪ್ಪಾಗಿ, ಪೆನ್ನೆರಡೂ ಯಂತ್ರದೊಳಗೆ ಬಿದ್ದು ಪುಡಿಯಾದವು. ಕೈ ಕೆಸರಾದರೆ ಬಾಯಿ ಮೊಸರು ಎಂದು ಅವನಿಗೆ ಸಮಾಧಾನ ಹೇಳಿದವರನ್ನು ಅವನು ಹೊಡೆಯಲು ಹೋದ. ಯಜಮಾನರು ಬಂದು ರಾಶಿಯನ್ನು ನೋಡಿದರು.

"ಹತ್ತು ವರ್ಷ ಓಡುತ್ತೆ ಅಂದ್ರು, ಮೂರು ದಿನ ಓಡಲಿಲ್ಲ. ಶುಕ್ರವಾರದೊಳಗೆ ಸರಿ ಹೋಗದಿದ್ರೆ ಗುಜರಿಯವನನ್ನ ಕರೆಸಿ."

ಸುದ್ದಿ ಮೇಲೆ ಮುಟ್ಟಿದ್ದೇ ತಡ, ಫಿಟ್ಟರ್ ಯಜಮಾನರ ಬಳಿಗೆ ಓಡಿದ.

"ಯಜಮಾನ್ರೇ, ತಪ್ಪಾಯ್ತು. ನನಗೆ ಇಂಗ್ಲಿಷ್ ಬರಲ್ಲ. ಬರೋದು ಒಂದೇ ಒಂದು ಕ್ರಿಯಾಪದ."

ಯಜಮಾನರು ಅವನನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ನೋಡ್ರಪ್ಪಾ, ನೋಡಿ! ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ. ಇಷ್ಟೆಲ್ಲಾ ಕಲಿತೂ ಒಂದೇ ಅಂತಾರೆ!"

"ಇಲ್ಲ ಯಜಮಾನ್ರೇ, ನಿಜವಾಗ್ಲೂ ಒಂದೇ!"

"ಸಾಕು, ಸಾಕು. ಇಷ್ಟೊಂದು ವಿನಯ ಒಳ್ಳೇದಲ್ಲ. ಸಂಬಳದ ವಿಷಯ ನೋಡೋಣ."

ಹೇಳಿದಷ್ಟೂ ಕೀರ್ತಿ ಬೆಳೆಯಿತು. ಬಿಸಿ ತುಪ್ಪ ಬಾಯಲ್ಲಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಗ ಅವನಿಗೆ ಬಾಮೈದನ ನೆನಪಾಯಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರಿಗೂ ಬೇಕಾದದ್ದು ಒಂದೇ ಆಗಿತ್ತು.

"ನೀನೇ ಹೇಳೋ ಮಾರಾಯ, ಭಾವನಿಗೆ ಇಂಗ್ಲಿಷ್ ಬರಲ್ಲ ಅಂತ. ನಿನ್ನ ಕುರ್ಚಿ ನಿನಗೆ ಬರುತ್ತೆ."

ಬಾಮೈದ ಕುಣಿದುಕೊಂಡು ಹೋಗಿ ಹೇಳಿದ. "ಸಾರ್, ನಮ್ಮ ಭಾವನಿಗೆ ಇಂಗ್ಲಿಷ್ ಗಂಧವೇ ಇಲ್ಲ. ನನ್ನಾಣೆ!"

"ಹೊಟ್ಟೆಕಿಚ್ಚು ಇಷ್ಟೊಂದು ಇರಬಾರದು ಕಣಯ್ಯಾ," ಎಂದರು ಯಜಮಾನರು ನೊಂದುಕೊಂಡು. "ಅಕ್ಕನ ಗಂಡ ಅನ್ನೋದಾದ್ರೂ ಬೇಡವಾ?" ಈ ಮಾತು ಸಂಜೆ ಅಕ್ಕನ ಕಿವಿಗೂ ಬಿತ್ತು. ಆ ಭಾನುವಾರ ಬಾಮೈದನಿಗೆ ಊಟವಿಲ್ಲ ಎಂದು ಅಕ್ಕ ಹೇಳಿ ಕಳಿಸಿದಳು.

ಕೊನೆಯ ಉಪಾಯವಾಗಿ ಫಿಟ್ಟರ್ ತನ್ನ ಮಾನವನ್ನು ತಾನೇ ಕಳೆದುಕೊಳ್ಳಲು ನಿರ್ಧರಿಸಿದ. ಇಂಜಿನಿಯರಮ್ಮನಿಗೆ ಒಂದು ಇ-ಮೇಲ್ ಬರೆದ. ಅಲ್ಲಿಂದ "ಇವನ್ಯಾರು ಹುಚ್ಚ?" ಎಂದು ಉತ್ತರ ಬರಲಿ, ತನ್ನನ್ನು ಕತ್ತು ಹಿಡಿದು ಕೆಳಗೆ ದಬ್ಬಲಿ ಎಂಬುದು ಆಸೆ. ಬರೆದದ್ದು ಇಷ್ಟು: "ಐ ಗೆಟ್ ಚೇರ್. ಬ್ರದರ್ ಇನ್ ಲಾ ಗೆಟ್ ಮೆಷಿನ್. ಮೆಷಿನ್ ಗೆಟ್ ಮ್ಯಾಡ್. ಬಟನ್ ಗೆಟ್ ನೋ ಹೋಲ್. ಫ್ರೈಡೇ ಮೆಷಿನ್ ಗೆಟ್ ಕಟ್. ಐ ಗೆಟ್ ಸ್ಯಾಡ್."

ಒಂದು ಗಂಟೆಯಲ್ಲಿ ಉತ್ತರ ಬಂತು. ಆಯಮ್ಮನಿಗೆ ಎಲ್ಲ ಅರ್ಥವಾಗಿತ್ತು. ತುಂಬ ದುಃಖವಾಯಿತೆಂದೂ, ಇಷ್ಟು ಸ್ಪಷ್ಟವಾದ ಇಂಗ್ಲಿಷನ್ನು ತಾನು ಕಂಡಿಲ್ಲವೆಂದೂ ಬರೆದಿದ್ದರು. ಯಜಮಾನರು ಅದರಲ್ಲಿ ಹೊಗಳಿಕೆಯ ಒಂದು ಸಾಲನ್ನು ಮಾತ್ರ ಅರ್ಥ ಮಾಡಿಕೊಂಡು, ಮುದ್ರಿಸಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು.

ಶುಕ್ರವಾರ ಬಂತು. ಗುಜರಿಯವನೂ ಬಂದ, ಎರಡು ಸರಪಣಿ, ಒಂದು ಸೀಮೆಸುಣ್ಣದ ತುಂಡು ಹಿಡಿದು. ಎಲ್ಲೆಲ್ಲಿ ಕತ್ತರಿಸಬೇಕೆಂದು ದೊಡ್ಡಮ್ಮನ ಮೈಮೇಲೆ ಗೆರೆ ಎಳೆಯತೊಡಗಿದ. ಮೇಲಿನ ಕಿಟಕಿಯಿಂದ ಅದನ್ನು ಕಂಡ ಫಿಟ್ಟರ್ ಬರಿಗಾಲಲ್ಲೇ ಮೆಟ್ಟಿಲಿಳಿದು ಬಂದು ಯಂತ್ರಕ್ಕೆ ಬೆನ್ನು ಕೊಟ್ಟು ನಿಂತ. ಯಜಮಾನರು, ಗುಮಾಸ್ತರು, ಪ್ಯಾಕಿಂಗ್ ಹೆಂಗಸರು ಎಲ್ಲ ಸೇರಿದರು. ಪಂಡಿತರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾರೆಂದು ಎಲ್ಲರೂ ಕಿವಿ ನಿಮಿರಿಸಿದರು.

"ಇವಳನ್ನ ಮುಟ್ಟಬೇಡಿ!" ಎಂದ ಫಿಟ್ಟರ್. "ನನಗೆ ಆ ಕುರ್ಚಿ ಬೇಡ, ಫ್ಯಾನು ಬೇಡ. ನನಗೆ ಇವಳು ಬೇಕು. ಮೇಲೆ ಕೂತರೆ ನನಗೆ ಅನ್ನ ಸೇರ್ತಿಲ್ಲ ಯಜಮಾನ್ರೇ. ಇಪ್ಪತ್ತೆರಡು ವರ್ಷ ಜೊತೆಗಿದೀನಿ, ಇವಳನ್ನ ಬಿಟ್ಟಿರೋಕೆ ನನ್ನ ಕೈಲಿ ಆಗಲ್ಲ!" ಎಂದವನೇ ಗೊಳೋ ಎಂದು ಅತ್ತುಬಿಟ್ಟ.

ಯಜಮಾನರು ಬಾಯಿ ತೆರೆದು ನಿಂತಿದ್ದರು.

"ಅಲ್ಲ ಕಣ್ರೀ, ಕೆಳಗಿರೋರಿಗೆಲ್ಲ ಮೇಲೆ ಬರೋ ಆಸೆ ಅಂತ ನಾನು ಅಂದ್ಕೊಂಡಿದ್ದೆ. ಇದನ್ನ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

ಫಿಟ್ಟರ್ ಮೂಗೊರೆಸಿಕೊಂಡು ಯೋಚಿಸಿದ. "ಇಂಗ್ಲಿಷ್ ಬರಲ್ಲ ಅಂತ ಹೇಳೋದ್ರಲ್ಲೇ ಇದ್ದೆ ಯಜಮಾನ್ರೇ. ಇದು ಬೇಕು ಅಂತ ಹೇಳೋಕೆ ತೋಚಲೇ ಇಲ್ಲ."

ಒಂದು ಗಂಟೆಯಲ್ಲಿ ದೊಡ್ಡಮ್ಮನ ಹೊಟ್ಟೆಯಿಂದ ಎರಡು ಪೆನ್ನಿನ ಚೂರುಗಳು ಹೊರಬಂದವು. ಮೂರು ಕಡೆ ಎಣ್ಣೆ, ಎರಡು ತಟ್ಟು. ಗುಂಡಿಗೆ ನಾಲ್ಕೇ ತೂತು ಬಿದ್ದವು. ಬಾಮೈದ ತನ್ನ ಕುರ್ಚಿಯನ್ನು ತಬ್ಬಿಕೊಂಡು ಕೂತ. ಇನ್ನು ಮುಂದೆ ಪ್ರತಿ ವಾಕ್ಯವೂ ಐದು ಪದಕ್ಕೆ ಮೀರಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ಗುಜರಿಯವನು, "ನನ್ನ ಬಾಡಿಗೆ ಗಾಡಿ ಗತಿ ಏನು?" ಎಂದು ಸ್ವಲ್ಪ ಹೊತ್ತು ಗೊಣಗಿ ಹೊರಟುಹೋದ.

ಸಂಜೆ ಫಿಟ್ಟರ್ ಎಣ್ಣೆ ಮೆತ್ತಿದ ಅಂಗಿಯಲ್ಲಿ, ಹಾಡು ಗುನುಗುತ್ತ ಮನೆಗೆ ಬಂದ. ಮಾನ ಹೋದದ್ದಕ್ಕೆ ಹೆಂಡತಿ ಬೈಯುತ್ತಾಳೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆಕೆ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಇವನಿಗಿಂತ ಮೊದಲೇ ಬಂದಿತ್ತು.

"ಅತ್ತರಂತೆ?"

"ಹೂಂ... ಸ್ವಲ್ಪ."

"ಇಪ್ಪತ್ತೆರಡು ವರ್ಷ ಜೊತೆಗಿದೀನಿ, ಬಿಟ್ಟಿರೋಕೆ ಆಗಲ್ಲ ಅಂದ್ರಂತೆ? ಎಲ್ಲರ ಮುಂದೆ?"

"ಏನೋ... ಆ ಗಳಿಗೆಗೆ ಬಂದುಬಿಡ್ತು."

"ನಮ್ಮ ಮದುವೆ ಆಗಿ ಹದಿನೆಂಟು ವರ್ಷ ಆಯ್ತು," ಎಂದಳು ಹೆಂಡತಿ. ಅವಳ ಕಣ್ಣಂಚು ಕೆಂಪಾಗಿತ್ತು. "ಒಂದು ದಿನ, ಒಂದೇ ಒಂದು ದಿನ ನನಗೆ ಆ ಮಾತು ಹೇಳಿದೀರಾ?"

ಫಿಟ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೆಟ್ಟಿಲ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಮೂರು ಸಲ ಕೆಮ್ಮಿದ. ಕಿವಿಯವರೆಗೂ ಕೆಂಪಾಗಿ, ನೆಲ ನೋಡುತ್ತ, ನೆಟ್ಟಗೆ ತನ್ನ ಮಾತಿನಲ್ಲೇ, ಹೇಳಿಯೇಬಿಟ್ಟ.

"ಕೇಳಿಸಲಿಲ್ಲ," ಎಂದಳು ಹೆಂಡತಿ. "ಇನ್ನೊಂದು ಸಲ ಹೇಳಿ."

ಅವಳಿಗೆ ಚೆನ್ನಾಗಿ ಕೇಳಿಸಿತ್ತು.